ಓಲ್ಡಾನ್

ಇಪ್ಪತ್ತೊಂದು ವರ್ಷದಿಂದ ಹುಲಿಕಲ್ ಘಾಟಿಯ ತಿರುವುಗಳಲ್ಲಿ
ಕಂಬಿ ಹಿಡಿಯದೆ ನಿಂತಿದ್ದೇನೆ.
ಒಂದು ಕೈಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು,
ಬಾಯಲ್ಲಿ ಸೀಟಿ.
ಬಸ್ಸು ಎಡಕ್ಕೆ ತಿರುಗಿದರೆ ಬಲಗಾಲು ತಾನೇ ಭಾರ ಹೊರುತ್ತದೆ,
ಯಾರೂ ಹೇಳಿಕೊಟ್ಟಿದ್ದಲ್ಲ.

ಮಗಳು ಪಂಚಮಿ, ನಾಲ್ಕು ತುಂಬಿ ಎರಡು ತಿಂಗಳು,
ಬೊಮ್ಮನಕಟ್ಟೆಯ ಬಾಡಿಗೆ ಮನೆಯ ಒಂದೇ ಮೆಟ್ಟಿಲನ್ನು
ಕುಂಡೆ ಊರಿ ಇಳಿಯುತ್ತಾಳೆ.

ಅಂಗನವಾಡಿಯ ರುಕ್ಮಿಣಿಬಾಯಿ ಟೀಚರು
ತಾಯಂದಿರ ಸಭೆಗೆ ಬಂದ ಒಬ್ಬನೇ ಗಂಡಸನ್ನು
ಮಕ್ಕಳ ಕುರ್ಚಿಯ ಮೇಲೆ ಕೂರಿಸಿ ಕೇಳಿದರು:
'ಒಂಟಿಕಾಲಲ್ಲಿ ನಿಲ್ತಾಳಾ? ಚೆಂಡು ಎಸೆದರೆ ಹಿಡೀತಾಳಾ?
ಎರಡೂ ಕಾಲು ಕೂಡಿಸಿ ಹಾರ್ತಾಳಾ?'
ಗೊತ್ತಿಲ್ಲ ಅಂದೆ.
ಹೊಸನಗರಕ್ಕೆ ಎಷ್ಟು ಚಾರ್ಜು ಅಂದಿದ್ದರೆ
ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ.
'ಅಕ್ಷರಕ್ಕೆ ನಾವಿದ್ದೀವಿ. ಓಡೋಕೆ ಮನೇಲಿ ಯಾರಾದ್ರೂ ಜೊತೆ ಬೇಕು.'
ಜೇಬಿನಲ್ಲಿ ಮೊಬೈಲು ಬೆಚ್ಚಗಿತ್ತು.
ಊಟಕ್ಕೆ ಅದು, ಅಳುವಿಗೆ ಅದು,
ನಾನು ಮಲಗಬೇಕಾದರೂ ಅದೇ.

ಸೋಮವಾರ ನನ್ನ ರಜೆ.
ಅಂಗಳವೆಂಬ ಆರಡಿ ಸಿಮೆಂಟಿನ ಮೇಲೆ ಅವಳನ್ನು ನಿಲ್ಲಿಸಿ
ಡ್ರಿಲ್ ಮೇಷ್ಟ್ರ ದನಿ ತೆಗೆದೆ.
ಕಾಲೆತ್ತು. ನೆಟ್ಟಗೆ. ಹಾಗಲ್ಲ. ಮತ್ತೆ.
ನಾಲ್ಕನೇ 'ಮತ್ತೆ'ಗೆ ಕೂತೇಬಿಟ್ಟಳು
ಎಂಜಿನ್ ಕೆಟ್ಟ ಗಾಡಿಯ ಹಾಗೆ,
ತಳ್ಳಿದರೂ ಇಲ್ಲ, ಎಳೆದರೂ ಇಲ್ಲ.
ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಹೇಮಲತಾ ಅಂದಳು:
'ಅದು ಮಗು ಕಣ್ರೀ, ಲಗೇಜಲ್ಲ.'

ಮುಂದಿನ ಸೋಮವಾರ ನಾನೇ ಬಸ್ಸಾದೆ.
ಅವಳ ಕೊರಳಿಗೆ ಸೀಟಿ,
ನೆಲ ಗುಡಿಸುವಷ್ಟು ಉದ್ದಕ್ಕೆ ನನ್ನ ಹಳೇ ಚರ್ಮದ ಚೀಲ.
'ರೈಟ್!' ಅಂದರೆ ಓಡಬೇಕು,
'ಓಲ್ಡಾನ್!' ಅಂದರೆ ಕಲ್ಲು.
ನೀರಿನ ಟ್ಯಾಂಕು ರಿಪ್ಪನ್‌ಪೇಟೆ,
ಮಗುಚಿಟ್ಟ ಬಕೆಟ್ಟು ಹೊಸನಗರ,
ಪಕ್ಕದ್ಮನೆ ನಫೀಸಾಳ ಹೊಸಿಲು ನಗರ,
ಒಗೆಯೋ ಕಲ್ಲಿನ ಸುತ್ತ ಘಾಟಿ.
ತಿರುವಿನಲ್ಲಿ ಏನೂ ಕಲಿಸಲಿಲ್ಲ, ಮಾಡಿ ತೋರಿಸಿದೆ:
ಮೊಣಕಾಲು ಸಡಿಲ, ಕಣ್ಣು ದೂರ.
ಸೆಟೆದು ನಿಂತವರೇ ಮೊದಲು ಬೀಳೋದು,
ಇದನ್ನು ನಾನು ಎಷ್ಟು ಜನ ದೊಡ್ಡವರಲ್ಲಿ ಕಂಡಿದ್ದೇನೆ.

ನಫೀಸಾ ಹೆಂಚಿನ ಚೂರು ತಂದು ಕುಂಟೆಬಿಲ್ಲೆಯ ಮನೆ ಗೀಚಿದಳು.
ಕುಂಟಲು ಬಾರದ ನಮ್ಮವಳು
ಎರಡೂ ಕಾಲಲ್ಲಿ ಧೊಪ್ ಧೊಪ್ ಕುಪ್ಪಳಿಸಿ
ಇದ್ದಬದ್ದ ಗೆರೆಯೆಲ್ಲ ತುಳಿದಳು.
ಔಟ್ ಅನ್ನುವವರು ಯಾರೂ ಇರಲಿಲ್ಲ.
ಬಟ್ಟೆ ಚೂರು ತುರುಕಿದ ಕಾಲುಚೀಲ ಚೆಂಡಾಯಿತು,
ಮೂಗಿಗೆ ಬಿದ್ದರೂ ನೋಯದ್ದು.
ಎಷ್ಟು ಸಲ ಹಿಡಿದಳೋ, ಬಿಟ್ಟಳೋ,
ಲೆಕ್ಕವೇ ಹೊಟ್ಟೆಪಾಡಾದ ನಾನು
ಅವತ್ತು ಲೆಕ್ಕ ಇಡಲಿಲ್ಲ.

ಮೆಟ್ಟಿಲು ಹಾರಿದ ದಿನ ನಾನಿರಲಿಲ್ಲ.
ಮಾಸ್ತಿಕಟ್ಟೆ ಹತ್ತಿರ ಎಲ್ಲೋ ಫೋನು ಸಿಕ್ಕಿ ಹೇಮಲತಾ:
'ಹಾರಿದ್ಲು. ಮೊಣಕಾಲು ತರಚಿದೆ. ಮತ್ತೆ ಹಾರ್ತಿದಾಳೆ.'
ಇಬ್ಬರಿಗೆ ಚಿಲ್ಲರೆ ತಪ್ಪು ಕೊಟ್ಟೆ.
ನಗರದಲ್ಲಿ ಚಹಾಕ್ಕೆ ಬಸ್ಸು ನಿಂತಾಗ
ಅವ್ವನ ತೊಡೆಯ ಮೇಲೆ ಕೊಸರಾಡುತ್ತಿದ್ದ ಒಬ್ಬ ಪೋರನನ್ನು
ಇಳಿಸಿ, ಬೂಟಿನ ತುದಿಯಿಂದ ಮಣ್ಣಲ್ಲಿ ಗೆರೆ ಎಳೆದೆ.
ಜಿಗಿದ. ಇನ್ನೊಂದು ಗೆರೆ ಎಳಿ ಅಂದ.
ಡ್ರೈವರ್ ಹಾರ್ನ್ ಒತ್ತಿದ, ನಮಗಿಬ್ಬರಿಗೂ ಕೇಳಿಸಲಿಲ್ಲ.

ರಾತ್ರಿ ಒಂಬತ್ತೂವರೆ. ಚಪ್ಪಲಿ ಬಿಡುವ ಮೊದಲೇ ಸೀಟಿ.
'ಅಪ್ಪಾ, ಒಂಟಿಕಾಲು!'
ಊದಿಕೊಂಡ ಪಾದ ಎತ್ತಿದೆ, ಅವಳೂ ಎತ್ತಿದಳು.
ಒಂದು, ಎರಡು, ಮೂರು, ಐದು
(ನಾಲ್ಕು ಇನ್ನೂ ಅವಳ ಬಾಯಿಗೆ ಬಂದಿಲ್ಲ).
ಅಲುಗಾಡದ ನೆಲದ ಮೇಲೆ
ನಾನು, ಹುಲಿಕಲ್ ಘಾಟಿಯ ಕಂಡಕ್ಟರ್,
ದೊಪ್ಪನೆ ಬಿದ್ದೆ.

ಅವಳು ತೂಗಾಡುತ್ತಲೇ ಚೀಲ ತಡಕಿ
ಹಳೇ ಟಿಕೆಟ್ಟೊಂದನ್ನು ಹರಿದು ಕೊಟ್ಟಳು:
'ಎದ್ದೇಳಿ, ನಿಮ್ ಸ್ಟಾಪ್ ಇನ್ನೂ ಬಂದಿಲ್ಲ.'