ಹೋದ ಮೇಲಿನ ಗಾಳಿ

ಜರಿಮರಿಯ ಆರನೇ ಗಲ್ಲಿಯಲ್ಲಿ
ಮಾಬುಸಾಬ ನದಾಫರ ಹೊಲಿಗೆ ಅಂಗಡಿ.
ಅಂಗಡಿಯೆಂದರೆ ಒಂದು ಯಂತ್ರ, ಒಂದು ಹಲಗೆ,
ಮೇಲೆ ನೀಲಿ ತಾಡಪಾಲು,
ಅದರ ಮೇಲೆ ನಾನು ಇಳಿಸುವ ವಿಮಾನಗಳು.

ಇದು ಅವರಿಗೆ ಗೊತ್ತಿಲ್ಲ.
ಅವರಿಗೆ ಗೊತ್ತಿರುವುದು ನನ್ನ ಸೊಂಟದಳತೆ,
ರಾತ್ರಿ ಪಾಳಿಯ ಕುರ್ಚಿ ವರ್ಷಕ್ಕೆ ಅರ್ಧ ಇಂಚು
ಸೇರಿಸುತ್ತಾ ಬಂದ ಲೆಕ್ಕ.
"ಏರ್‌ಪೋರ್ಟಿನ್ಯಾಗ ಏನ್ ಕೆಲಸ ಸರ?" ಅಂದಾಗ
"ಕೂತು ಮಾತಾಡೋದು" ಅಂದಿದ್ದೆ.
ಸುಳ್ಳಲ್ಲ.

ನಮ್ಮ ಕೋಣೆಗೆ ಕಿಟಕಿಯಿಲ್ಲ.
ಪರದೆಯ ಮೇಲೆ ಹಸಿರು ಚುಕ್ಕಿ, ಪಕ್ಕದಲ್ಲೇ
ಹೆಸರು, ಎತ್ತರ, ವೇಗ.
ಶಾರ್ಜಾದಿಂದ ಬಂದದ್ದು, ಗುವಾಹಟಿಯಿಂದ ಬಂದದ್ದು
ಎಲ್ಲವನ್ನೂ ಪೂರ್ವಕ್ಕೆ ಸುತ್ತಿಸಿ ತಂದು
ಒಂದೇ ದಾರಕ್ಕೆ ಪೋಣಿಸಬೇಕು, ಮಣಿಗೆ ಮಣಿ ತಾಗದ ಹಾಗೆ.
ಮಧ್ಯಮದ ಹಿಂದೆ ಮಧ್ಯಮ ಬಂದರೆ ಮೂರು ಮೈಲಿ.
ಭಾರಿಯ ಹಿಂದೆ ಮಧ್ಯಮ ಬಂದರೆ ಐದು,
ಯಾಕೆಂದರೆ ದೊಡ್ಡದು ಹಾದ ದಾರಿಯಲ್ಲಿ
ಎರಡು ಸುಳಿ ಉಳಿದಿರುತ್ತವೆ, ರೆಕ್ಕೆಗೊಂದು.
ಪರದೆಯಲ್ಲಿ ಕಾಣುವುದಿಲ್ಲ.
ಹಿಂದೆ ಬಂದ ಸಣ್ಣದನ್ನು
ದೋಸೆಯಂತೆ ಮಗುಚಿ ಹಾಕಬಲ್ಲವು.
ತರಬೇತಿಯಲ್ಲಿ ತಾರ್ಕುಂಡೆ ಸರ್ ಹಲಗೆಯ ಮೇಲೆ
ಎರಡು ಚಕ್ಕುಲಿ ಬರೆದು ತೋರಿಸಿದ್ದರು.
ಹದಿನಾಲ್ಕು ವರ್ಷ
ಆ ಚಕ್ಕುಲಿಗೆ ಹೆದರಿಯೇ ದುಡಿದಿದ್ದೇನೆ.
ಕಂಡದ್ದಿಲ್ಲ.

ಇವತ್ತು ಪಾಳಿ ಮುಗಿಸಿ, ಪ್ಯಾಂಟು ಹಿಡಿದು ಹೋದೆ.
ಅಕ್ಟೋಬರಿನ ಸೆಕೆ, ಒಂದು ಎಲೆ ಅಲ್ಲಾಡುತ್ತಿಲ್ಲ.
ಮಾಬುಸಾಬರು ಮಾತನ್ನೂ ಕತ್ತರಿಸಿಯೇ ಇಡುತ್ತಾರೆ.
"ಗಜೇಂದ್ರಗಡದಾಗ ನಮ್ಮಪ್ಪ ಅರಳಿ ಹಿಂಜತಿದ್ದ್ರಿ, ಆ ಬಿಲ್ಲಿನ..."
ವಿಮಾನ.
ಬಾಯಿ ಮುಚ್ಚಿ, ಸೂಜಿ ಎತ್ತಿ, ಕಾಯುತ್ತಾರೆ.
"...ಸಪ್ಪಳದಾಗ ಬೆಳದಾಂವ ನಾ. ಹಿಂಗಾಗಿ ಇದು ಏನೂ..."
ವಿಮಾನ.
"...ಅನಸೂದಿಲ್ಲ."
ನಡುವಿನ ಬಿಡುವು ನನಗೆ ಬಾಯಿಪಾಠ:
ಎಪ್ಪತ್ತೈದು ಸೆಕೆಂಡು, ಮೂರು ಮೈಲಿ.
ನನ್ನ ಕುರ್ಚಿಯಲ್ಲೀಗ ಜಸಿಂತಾ ಇರಬೇಕು. ಅವಳದು ಬಿಗಿ ಕೈ,
ಚೂರೂ ಹೆಚ್ಚು ಕೊಡುವವಳಲ್ಲ.

"ಮೊನ್ನೆ ನಸಿಕಿನ್ಯಾಗ ಬಾಳೊತ್ತು ಒಂದೂ ಬರಲಿಲ್ಲ ನೋಡ್ರಿ.
ಎಚ್ಚರಾಗಿ ಕುಂತ್ವಿ, ಮನಿ ಮಂದಿಯೆಲ್ಲ."
ಮೊನ್ನೆ ಒಂದು ವಿಮಾನ ರನ್‌ವೇ ಬಿಡದೆ ನಿಂತಿತ್ತು.
ಹಿಂದಿನದಕ್ಕೆ ಮೇಲೇರಿ ಹೋಗು ಅಂದವನು ನಾನು.
ಬೆವರಿದ್ದು ನಾನೊಬ್ಬನೇ ಅಂದುಕೊಂಡಿದ್ದೆ.

ಆಗ ಹಲಗೆಯ ಮೇಲಿನ ಕತ್ತರಿ ಗಿಲಿಗಿಲಿ ನಡುಗಿತು.
"ಇದು ದೊಡ್ಡದು."
ಎದ್ದು ತಾಡಪಾಲಿನ ಹಗ್ಗ ಹಿಡಿದರು.
ಹೊಟ್ಟೆ ತೋರಿಸಿ, ಗಾಲಿ ಇಳಿಬಿಟ್ಟು
ಗಲ್ಲಿಯಷ್ಟೂ ನೆರಳು ಎಳೆದು ಹೋಯಿತು.
ಸದ್ದೂ ಹೋಯಿತು.
ಮಾಬುಸಾಬರು ಮಾತ್ರ ಹಗ್ಗ ಬಿಡಲಿಲ್ಲ.
"ಹೋಯಿತಲ್ಲ?"
"ಅದು ಹೋತು. ಅದರ ಗಾಳಿ ಇನ್ನ ಬರಬೇಕು."

ಮೇಲೆಲ್ಲೋ ಹೊಸ ಬಟ್ಟೆ ಹರಿದ ಸದ್ದು.
ತಾಡಪಾಲು ಹೊಟ್ಟೆ ಉಬ್ಬಿಸಿ ಎದ್ದಿತು.
ಎದುರು ಮನೆಯ ತಗಡು ಗಡಗಡಿಸಿ ಸುಮ್ಮನಾಯಿತು.
ಕಾಲಡಿಯ ಚಿಂದಿಗಳು, ಕೆಂಪು, ಬಾದಾಮಿ,
ಯಾವುದೋ ಶಾಲೆಯ ಚೌಕಳಿ,
ಮೊಳಕಾಲೆತ್ತರಕ್ಕೆದ್ದು ದುಂಡಗೆ, ದುಂಡಗೆ ಸುತ್ತಿ
ಗಟಾರದಂಚಿಗೆ ಬಿದ್ದವು.

ಚಕ್ಕುಲಿ.

ಸುಳಿ ಮೆಲ್ಲಗೆ ಕೆಳಗಿಳಿದು ಕರಗುತ್ತದೆ
ಎಂದು ಬರೆದು ಪಾಸಾಗಿದ್ದೆ.
ಎಲ್ಲಿಗೆ ಇಳಿಯುತ್ತದೆ ಎಂದು
ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ.
ಐದು ಮೈಲಿ ಹಿಂದಿನದು, ಇಂದೋರಿನದೋ ಏನೋ,
ಅಲುಗದೆ ಬಂದು ಅಲುಗದೆ ಇಳಿಯಿತು.
ಮಾಬುಸಾಬರು ಚಿಂದಿ ಆರಿಸತೊಡಗಿದರು.
ನಾನೂ ಬಗ್ಗಿದೆ.

ಪ್ಯಾಂಟಿಗೆ ಅರವತ್ತು ರೂಪಾಯಿ.
"ಒಳಗ ಒಂದಿಂಚು ಮಡಚಿ ಬಿಟ್ಟೀನಿ ಸರ.
ಹೊರಗ ಕಾಣೂದಿಲ್ಲ.
ಮುಂದ ಯಾವಾಗರ..."

ಕಾಯುತ್ತಾ ನಿಂತೆವು, ಇಬ್ಬರೂ,
ಹಗ್ಗಕ್ಕೊಂದು ಕೈಯಿಟ್ಟು.