ಗಾದೆ ಪರೀಕ್ಷೆ

ಗುರುವಾರ ನನಗೆ ಮಂಡ್ಯದ ಪಾಳಿ.
ಮೈಸೂರಿನಿಂದ ಬೆಳಗಿನ ಪ್ಯಾಸೆಂಜರು, ಕಿಟಕಿ ಸೀಟು,
ತೊಡೆಯ ಮೇಲೆ ಮರದ ಬಿಲ್ಲೆಗಳ ಪೆಟ್ಟಿಗೆ, ಸ್ಟಾಪ್‌ವಾಚು,
ಶಾಯಿ ಚೆಲ್ಲಿದಂಥ ಹತ್ತು ಚಿತ್ರ.
ಎದುರು ಕೂತ ಹೂವಿನಾಕೆ ಕೇಳುತ್ತಾಳೆ: ಏನ್ ಮಾರೋದು ಮಗಾ?
ಶ್ರೀರಂಗಪಟ್ಟಣದ ಸೇತುವೆ ದಾಟಿದರೂ
ಉತ್ತರ ಹೊಳೆಯುವುದಿಲ್ಲ.

ಪಿಎಚ್‌.ಡಿ.ಯ ಮೂರನೆಯ ವರ್ಷ. ಇಷ್ಟರಲ್ಲಿ ಕಲಿತದ್ದು:
ಅಳುವವರ ಕೈಗೆ ತಕ್ಷಣ ಕರವಸ್ತ್ರ ಕೊಡಬಾರದು,
ಅದು ಸಾಕು ನಿಲ್ಲಿಸಿ ಎಂದಂತೆ.
ಯಾರ ಮಗಳು, ಯಾವ ಜನ, ಮದುವೆ ಆಯ್ತಾ ಅಂದರೆ
ಪ್ರಶ್ನೆಯನ್ನು ಮೆತ್ತಗೆ ತಿರುಗಿಸಿ ಅವರ ಮಡಿಲಿಗೇ ಇಡಬೇಕು.
ಗಡಿಯಾರ ನೋಡಬೇಕು, ನೋಡಿದ್ದು ಕಾಣಬಾರದು.
ಕಲಿಯದೆ ಉಳಿದದ್ದು:
ಹಾಸ್ಟೆಲಿಗೆ ಬಂದ ಮೇಲೆ ಆ ದನಿಗಳನ್ನು
ಎಲ್ಲಿ ಬಿಚ್ಚಿಡುವುದು.

ಇವತ್ತು ಕೆರಗೋಡಿನ ಕಡೆಯ ಕೆಂಪಾಜಮ್ಮ.
ಐವತ್ತೆಂಟೋ ಅರವತ್ತೋ. ಡೈರಿಗೆ ಹಾಲು ಹಾಕುವಾಕೆ.
ಶಿವರಾತ್ರಿಯಿಂದ ಮಾತು ಕಮ್ಮಿ, ಎಂದಿಷ್ಟು ಹೇಳಿ
ನಾದಿನಿ ಹೊರಗೆ ಬೆಂಚಿನ ಮೇಲೆ,
ಬಾಗಿಲಿಗೆ ಕಿವಿಕೊಟ್ಟು.

ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಮ್ಮಾ.
ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು.
ಆಮೇಲೆ ನಿಂತು, ನನ್ನ ಹಾಳೆಯತ್ತ ಕತ್ತು ಚಾಚಿ,
"ಯಾರಿಗವ್ವಾ ಕೊಡ್ತಾ ಇರೋದು ಈ ಏಳೇಳು?
ಬರ್ಕೊಂಡಿದ್ದೀಯಾ?"
ಕೈಪಿಡಿಯಲ್ಲಿ ಇದಕ್ಕೆ ಜಾಗವಿಲ್ಲ.

ಈಗ ಒಂದು ಗಾದೆ. ಅರ್ಥ ಹೇಳಿ.
ತುಂಬಿದ ಕೊಡ ತುಳುಕುವುದಿಲ್ಲ.

ಫ್ಯಾನು ಕಿರುಗುಟ್ಟಿತು.
ಹೊರಗೆ ಯಾರದೋ ಟೋಕನ್ ನಂಬರು ಕೂಗಿದರು.
"ತುಂಬಿದ್ ಕೊಡಾನೇ ಕಣವ್ವಾ ತುಳುಕೋದು.
ನೀನು ಹೊತ್ತಿಲ್ಲ.
ಕಂಠದ್ಗಂಟ ತುಂಬಿ ತಲೆ ಮ್ಯಾಲಿಟ್ರೆ
ಒಂದೊಂದ್ ಹೆಜ್ಜೆಗೂ ಕುತ್ಗೆಗೆ ಸುರೀತದೆ, ಬೆನ್ನಿಗಿಳೀತದೆ.
ಅದ್ಕೇ ನೀರ್ ಮ್ಯಾಲೆ ಒಂದ್ ಹಿಡಿ ಹೊಂಗೆ ಸೊಪ್ಪು ಹಾಕೋದು.
ಸೊಪ್ಪಿದ್ರೆ ನೀರು ಸುಮ್ಕಿರ್ತದೆ."
ಸ್ವಲ್ಪ ತಡೆದು,
"ನಮ್ ಸಾಕಿ ಕಿತ್ಕೊಡ್ತಿದ್ಲು ಸೊಪ್ಪ."

ಶಬ್ದಾರ್ಥಕ್ಕೇ ಅಂಟಿಕೊಂಡ ಉತ್ತರಕ್ಕೆ ಸೊನ್ನೆ.
ನಿಯಮ ಹಾಗಿದೆ. ಬರೆದೆ.
ಮೇಲಿಂದ ಬಗ್ಗಿ ನೋಡಿದರೆ ಕೊಡದ ಬಾಯಿಯೂ ಸೊನ್ನೆಯೇ
ಎಂಬ ಜಾಣತನ ವಾಪಸು ರೈಲಿನಲ್ಲಿ ಹೊಳೆಯಿತು,
ಯಲಿಯೂರಿನ ಹತ್ತಿರ.
ಖುಷಿಯೂ ಆಯಿತು, ಸುಳ್ಳೇಕೆ.

ಶನಿವಾರ ಫ್ಲೇವಿಯಾ ಮೇಡಂ ಕೋಣೆ.
ಸೊನ್ನೆಯ ಅನ್ಯಾಯದ ಮೇಲೆ ಭಾಷಣ ಕಟ್ಟಿಕೊಂಡೇ ಹೋಗಿದ್ದೆ:
ಯಾವೂರ ನೀರನ್ನು ಯಾವೂರ ಸೇರಿನಲ್ಲಿ ಅಳೆಯುವುದು, ಇತ್ಯಾದಿ.
ಪ್ರಬಂಧದಲ್ಲಿ ಒಂದು ಅಧ್ಯಾಯವೇ ಆದೀತೆಂಬ ಆಸೆ.
ಅವರು ಕನ್ನಡಕ ತೆಗೆದಿಟ್ಟು ರೆಕಾರ್ಡಿಂಗ್ ಕೇಳಿದರು.
ಚಹಾ ಆರಿತು, ಕೆನೆ ಕಟ್ಟಿತು.
ಹಿಂದಕ್ಕೆ ಓಡಿಸಿ ಇನ್ನೊಮ್ಮೆ.

"ಸಾಕಿ ಯಾರು?"

ಗೊತ್ತಿಲ್ಲ ಮೇಡಂ.
"ಕೇಳಲಿಲ್ಲವಾ?"
ಇನ್ನೂ ಮೂರು ಪರೀಕ್ಷೆ ಬಾಕಿ ಇತ್ತು. ಹೊರಗೆ ಸಾಲು ಬೇರೆ.

ಅವರೇನೂ ಅನ್ನಲಿಲ್ಲ. ಗುಂಡಿ ಒತ್ತಿದರು.
ನನ್ನದೇ ದನಿ, ಚುರುಕು, ಅಚ್ಚುಕಟ್ಟು:
ಸರಿ ಅಮ್ಮಾ, ಈಗ ಇನ್ನೊಂದು.
ಮಾತು ಬೆಳ್ಳಿ, ಮೌನ ಬಂಗಾರ.

ಅಲ್ಲಿಂದ ಮುಂದೆ ಬರೀ ಫ್ಯಾನಿನ ಸದ್ದು.
ನಡುವೆ ಒಂದು ಸಲ ಬಳೆ.

ರಾತ್ರಿ ಹಾಸ್ಟೆಲಿನ ಕೆಳಗಿನ ನಲ್ಲಿಯಿಂದ
ಬಕೆಟ್ಟು ತುಂಬಿ ಎರಡು ಮಹಡಿ ಹತ್ತಿದೆ.
ಚಪ್ಪಲಿ ನೆನೆಯಿತು, ಮೆಟ್ಟಿಲು ನೆನೆಯಿತು.
ಗುರುವಾರಕ್ಕೆ ಇನ್ನೂ ಐದು ದಿನ.
ಆಕೆ ಬರುತ್ತಾಳೋ ಇಲ್ಲವೋ,
ನಾದಿನಿಯ ಫೋನು ಸ್ವಿಚ್ ಆಫ್.