ಕರೆಂಟು ಹೋದರೆ ಗಂಟೆ

ನಮ್ಮ ಶಾಲೆಗೆ ಗಂಟೆ ಹೊಡೆಯುವವರು ಯಾರೂ ಇಲ್ಲ.
ಕೌಲ್ ಬಜಾರಿನಲ್ಲಿ ಕರೆಂಟು ಹೋಗುತ್ತದೆ,
ಓಣಿಯ ಮಶೀನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ.
ಮುಕ್ತಾ ಪಾಟಿ ತರುತ್ತಾಳೆ, ಪಂಢರಿ ತರುವುದಿಲ್ಲ.
ಹುಡುಕಿ ನಾನೇ ತರುತ್ತೇನೆ, ಜೀನ್ಸಿನ ರಾಶಿಯ ಕೆಳಗಿಂದ.

ಮೊಳೆ ಹೊಡೆದು ತೂಗಿಬಿಟ್ಟ ಒಂದೂವರೆ ಮೀಟರ್ ಡೆನಿಮ್ಮೇ ಕರಿಹಲಗೆ.
ಒಗೆದರೆ ಪಾಠ ಹೋಗುತ್ತದೆ,
ನೀಲಿಯೂ ಚೂರು ಹೋಗುತ್ತದೆ.

ಪಂಢರಿಗೆ ಐದು. ಎಣಿಕೆ ಕಲಿತದ್ದು ಸೊಂಟದ ಲೇಬಲ್ಲಿನಿಂದ:
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಮೂವತ್ನಾಕು.
"ಅವ್ವ, ಇಪ್ಪತ್ತೊಂಬತ್ತು ಎಲ್ಲಿ?"
ಸೇಟು ಅದನ್ನ ಹೊಲಿಸಂಗಿಲ್ಲಪ್ಪ.
"ಮತ್ತ ಇಪ್ಪತ್ತೊಂಬತ್ತರ ಸೊಂಟದೋರು?"
ಬೆಲ್ಟು ಹಾಕ್ಕೋತಾರೆ, ಇಲ್ಲಾ ಉಸಿರು ಹಿಡಕೋತಾರೆ.
ಅಂದಿನಿಂದ ಬೆಸ ಸಂಖ್ಯೆ ಬಂತೆಂದರೆ ಅವನು ಉಸಿರು ಹಿಡಿಯುತ್ತಾನೆ,
ಮೂರು ಬರೆಯುವಾಗ ಕೆನ್ನೆ ಉಬ್ಬಿಸಿ,
ಏಳು ಬರೆಯುವಾಗ ಕಣ್ಣೂ ಮುಚ್ಚಿ.
ನಾನು ತಿದ್ದಲಿಲ್ಲ.

"ಸ್ಕೂಲು ಯಾಕೆ ಬಿಡಿಸೀರಿ?"
ಬಂಡಲ್ ಎಣಿಸುತ್ತ ಕೇಳುತ್ತಾನೆ ಪೀಸು ತರುವ ಹುಡುಗ.
"ನೀವೇನು ಟೀಚರಾ?"
ಅಲ್ಲ. ಎಸ್ಸೆಸ್ಸೆಲ್ಸಿ, ಗಣಿತ ಎರಡು ಸಲ.
ಒಬ್ಬರಿಗೆ ಆಟೋ ಬಾಡಿಗೆ ಅನ್ನುತ್ತೇನೆ, ಇನ್ನೊಬ್ಬರಿಗೆ ಬಿಸಿಲು.
ಬಳ್ಳಾರಿಯಲ್ಲಿ ಬಿಸಿಲು ಅಂದರೆ
ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಮುಕ್ತಾಳ ಬಾಯಲ್ಲಿ ಕ, ತ ಸಿಕ್ಕಿಕೊಳ್ಳುತ್ತವೆ
ಬಾಬಿನ್ನಿನಲ್ಲಿ ದಾರ ಸಿಕ್ಕಿದ ಹಾಗೆ. ಎಳೆದರೆ ಇನ್ನೂ ಬಿಗಿ.
ಎರಡನೇ ಕ್ಲಾಸಿನಲ್ಲಿ ಹೊಸ ಮಿಸ್ಸು ಹೆಸರು ಕೇಳಿದಾಗ
ಮುಕ್… ಮುಕ್… ಎಂದಳಂತೆ.
ನಲವತ್ತು ಮಕ್ಕಳು ಸೇರಿ ಅದನ್ನು ಮುಗಿಸಿಕೊಟ್ಟರಂತೆ.
ಆಮೇಲೆ ಮೂರು ತಿಂಗಳು, ಒಂಬತ್ತಕ್ಕೆ ಸರಿಯಾಗಿ ಹೊಟ್ಟೆನೋವು.
ಭಾನುವಾರ ಇಲ್ಲ.
ಡಾಕ್ಟರು ಜಂತುವಿನ ಔಷಧ ಕೊಟ್ಟರು.
ನಾನು ಬ್ಯಾಗನ್ನು ಅಟ್ಟಕ್ಕೆ ಹಾಕಿದೆ.
ಅಕ್ಕ ಹೋಗದ ಕಡೆ ನಾನೂ ಹೋಗಲ್ಲ ಎಂದ ತಮ್ಮ.
ಅವನಿಗೆ ಅದೊಂದು ನೆಪ.

ಮನೆಯಲ್ಲೂ ಅದೇ ಗಂಟು.
ಕರೆಂಟು ಹೋದ ಮೌನದಲ್ಲಿ ಪುಸ್ತಕ ಹಿಡಿದರೆ
ಕಾ… ಕಾ… ಎಂದು
ಕಾಗೆಯ ಪಾಠ ಕಾಗೆಯಾಗಿಯೇ ಕೂತುಬಿಡುತ್ತದೆ.
ತಾಳ್ಮೆ ಇತ್ತು ಎಂದು ಸುಳ್ಳು ಹೇಳಲಾರೆ.
ಒಂದು ಸಲ ಟೇಪಿನಿಂದ ಹೊಡೆದೆ, ಅರವತ್ತು ಇಂಚಿನ ಟೇಪು.
ತೋಳಿನ ಮೇಲೆ ಅಂಕಿಗಳು ಮೂಡಿವೆಯೇನೋ ಎಂದು
ಅವಳು ಮಲಗಿದ ಮೇಲೆ ಮೊಬೈಲಿನ ಬೆಳಕು ಹಿಡಿದು ನೋಡಿದೆ.

ಮೊನ್ನೆ ಮಂಗಳವಾರ ಇನ್ನೂರು ಪೀಸು ಬಾಕಿ.
ಗೋಡೆ ನಡುಗುವಂತೆ ಓಡುತ್ತಿತ್ತು ಮಶೀನು.
ಕಾಲ ಬಳಿ ಕೂತು ತಮ್ಮನಿಗೆ ಏನೋ ತೋರಿಸುತ್ತಿದ್ದಳು,
ಬಾಯಿ ಅಲ್ಲಾಡುವುದು ಕಂಡಿತು. ಬಗ್ಗಿದೆ.
ಕೋತಿ, ಕತ್ತರಿ, ತಕ್ಕಡಿ, ಕೊಕ್ಕರೆ,
ರೀಲಿನಿಂದ ದಾರ ಬಂದ ಹಾಗೆ ಬರುತ್ತಿವೆ, ಒಂದೂ ಗಂಟಿಲ್ಲ!
ಆ ಸದ್ದಿನಲ್ಲಿ ಅವಳಿಗೆ ತನ್ನ ದನಿ ಕೇಳುವುದಿಲ್ಲ.
ಕೇಳದ ದನಿಗೆ ಏನು ಹೆದರಿಕೆ.

ಈಗ ಪೀಸು ಮುಗಿದ ಮೇಲೂ ಓಡಿಸುತ್ತೇನೆ.
ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ.
"ಮೀಟರು ಸುಮ್ನೆ ತಿರುಗತೈತಲ್ಲ" ಎನ್ನುತ್ತ ಬಂದರು ಇವರು.
ಕೈ ಮಾಡಿ ತಡೆದೆ.
ಒಂದು ಚಪ್ಪಲಿ ಬಿಟ್ಟು, ಒಂದು ಬಿಡದೆ,
ಪಾಠ ಮುಗಿಯುವ ತನಕ ಹೊಸ್ತಿಲಲ್ಲೇ ನಿಂತರು.

ನಿನ್ನೆ ನಡುಪಾಠದಲ್ಲಿ ಕರೆಂಟು ಹೋಯಿತು.
ಓಣಿ ಪೂರ್ತಿ ನಿಂತಿತು. ಅವಳು ನಿಲ್ಲಲಿಲ್ಲ:
"ತೋಳ ಕೆರೆಯ ಕಡೆ ತಿರುಗಿ"
ನಾಲ್ಕು ಮಾತು. ಗೋಡೆಗೆ ಬಡಿದು ಅವಳ ಕಿವಿಗೇ ಬಂತು.
ತಲೆ ಎತ್ತಿದಳು.
ಪಂಢರಿ ಉಸಿರು ಹಿಡಿದಿದ್ದ.
ನನ್ನ ಕಾಲು ಪೆಡಲನ್ನು ಇನ್ನೂ ಒತ್ತುತ್ತಲೇ ಇತ್ತು.